ಕ್ವಿಟೊ ಮೆಟ್ರೊ: ಹಗಲೆಲ್ಲ ಇದೇ ಸಾಕು, ಕತ್ತಲಾದರೆ ಟ್ಯಾಕ್ಸಿ

ಈಕ್ವೆಡಾರ್ ರಾಜಧಾನಿ ಕ್ವಿಟೊಗೆ ಹೊರಟವರೆಲ್ಲ ಮೊದಲು ಕೇಳುವುದು 'ಅಲ್ಲಿ ಸೇಫಾ?' ಅಂತ. ಹೌದು ಅಂದರೂ ಕಷ್ಟ, ಇಲ್ಲ ಅಂದರೂ ಕಷ್ಟ. ಗಂಟೆ ಎಷ್ಟು, ಯಾವ ಬೀದಿ, ಕೈಯಲ್ಲಿ ಏನು ಹಿಡಿದುಕೊಂಡಿದ್ದೀರಿ, ಎಲ್ಲ ಅದರ ಮೇಲಿದೆ. ನಾನು ಆ ಊರಲ್ಲಿ ತಲೆಬಿಸಿ ಇಲ್ಲದೆ ಓಡಾಡಿದ್ದು ಮೆಟ್ರೊದಿಂದ. ಹಾಗಾಗಿ ಇದು ಮೆಟ್ರೊ ರಿವ್ಯೂ. ಅದನ್ನು ನಂಬಿಕೊಂಡು ಟ್ರಿಪ್ ಹೇಗೆ ಪ್ಲಾನ್ ಮಾಡಬೇಕು, ಎಲ್ಲಿ ನಂಬಬಾರದು ಅನ್ನುವುದೂ ಇದರಲ್ಲೇ ಇದೆ.

2023ರ ಡಿಸೆಂಬರ್ 1ರಂದು ಶುರುವಾದದ್ದು ಇದು. ಒಂದೇ ಲೈನು, ಸುಮಾರು 22 ಕಿ.ಮೀ., 15 ಸ್ಟೇಷನ್. ದಕ್ಷಿಣದ ಕಿಟುಂಬೆಯಿಂದ ಉತ್ತರದ ಎಲ್ ಲಾಬ್ರಡೋರ್‌ಗೆ ಅರ್ಧ ಗಂಟೆ ಚಿಲ್ಲರೆ. ಇಷ್ಟೇನಾ ಅಂತ ಮೂಗು ಮುರಿಯಬೇಡಿ. ಪಿಚಿಂಚಾ ಜ್ವಾಲಾಮುಖಿಯ ಬುಡದಲ್ಲಿ ಈ ಊರು ಬರೀ ಉದ್ದುದ್ದಕ್ಕೆ ಬೆಳೆದಿದೆ, ಅಗಲ ತೀರಾ ಕಮ್ಮಿ. ಹಾಗಾಗಿ ಒಂದು ಲೈನು ಎಳೆದರೂ ನೋಡಬೇಕಾದ ಎಷ್ಟೋ ಜಾಗಗಳು ಅದರ ಅಕ್ಕಪಕ್ಕವೇ ಬರುತ್ತವೆ.

ಟಿಕೆಟ್ 45 ಸೆಂಟ್. ಎಲ್ಲಿ ಹತ್ತಿದರೂ ಎಲ್ಲಿ ಇಳಿದರೂ ಅಷ್ಟೇ. 2000ದಿಂದ ಈ ದೇಶದಲ್ಲಿ ನಡೆಯುವುದು ಅಮೆರಿಕದ ಡಾಲರೇ, ಹಣ ಬದಲಾಯಿಸುವ ಗೋಜಿಲ್ಲ. ಆದರೆ 50, 100ರ ನೋಟು ತಗೊಂಡು ಹೋಗಬೇಡಿ, ಸಣ್ಣ ಅಂಗಡಿಯಲ್ಲಿ ಯಾರೂ ಮುಟ್ಟುವುದಿಲ್ಲ. 1, 5, 10ರ ನೋಟುಗಳು ಇರಲಿ, ಜತೆಗೆ ನಾಣ್ಯ. ನಾಣ್ಯವನ್ನು ಬೇರೆ ಜೇಬಲ್ಲಿ ಇಟ್ಟುಕೊಂಡರೆ ಟಿಕೆಟ್ ತಗೊಳ್ಳುವಾಗ ಪರ್ಸ್ ಹೊರಗೆ ತೆಗೆಯುವುದೇ ಬೇಡ. ಚಿಕ್ಕ ವಿಷಯ, ಆದರೆ ಜೇಬುಗಳ್ಳರು ಇರುವ ಊರಲ್ಲಿ ಪರ್ಸ್ ಎಲ್ಲಿದೆ ಅಂತ ಊರಿಗೆಲ್ಲ ತೋರಿಸಿಕೊಂಡು ಓಡಾಡುವುದು ಯಾಕೆ?

ಒಳಗೆ ಹೇಗಿದೆ? ಸೊಗಸಾಗಿದೆ. ಸ್ಟೇಷನ್‌ಗಳು ಅಗಲ, ಬೆಳಕು ಧಾರಾಳ, ಸೆಕ್ಯುರಿಟಿಯವರು ಕಣ್ಣಿಗೆ ಬೀಳುವ ಹಾಗೆ ನಿಂತಿರುತ್ತಾರೆ. ನೆಲದ ಮೇಲೆ ಒಂದು ಕಾಗದದ ಚೂರು ಕಾಣಿಸುವುದಿಲ್ಲ. ಬೆಳಗ್ಗೆ ಆಫೀಸಿನ ಹೊತ್ತು, ಸಂಜೆ 5ರಿಂದ 7 ಮಾತ್ರ ನೂಕುನುಗ್ಗಲು. ಆಗ ಬ್ಯಾಗ್ ಎದೆಯ ಮೇಲೆ, ಫೋನ್ ಬ್ಯಾಗಿನ ಒಳಗೆ. ಮಿಕ್ಕ ಹೊತ್ತು ನಿರಾಳ. ರಸ್ತೆಯ ಮೇಲೆ ಓಡುವ ಟ್ರೋಲೆಬುಸ್ ಅನ್ನುವ ಬಸ್ಸು 10 ಸೆಂಟ್ ಕಮ್ಮಿ, ಆದರೆ ಬ್ಯಾಗ್ ಕುಯ್ಯುವವರ ವಿಷಯದಲ್ಲಿ ಅದಕ್ಕೆ ಇರುವ ಹೆಸರು ಒಳ್ಳೆಯದಲ್ಲ. ಆ 10 ಸೆಂಟ್ ಉಳಿಸಿ ಏನು ಮನೆ ಕಟ್ಟಬೇಕಾಗಿಲ್ಲ ಅಲ್ವಾ?

ಈ ಲೈನಿನ ಅಸಲಿ ಲಾಭ ಸಾನ್ ಫ್ರಾನ್ಸಿಸ್ಕೊ ಸ್ಟೇಷನ್. ಮೆಟ್ಟಿಲು ಹತ್ತಿ ಮೇಲೆ ಬಂದರೆ ಸೀದಾ ಹಳೇ ಊರಿನ ದೊಡ್ಡ ಚೌಕದಲ್ಲಿ ನಿಂತಿರುತ್ತೀರಿ, ಎದುರಿಗೆ ಬಿಳಿ ಗೋಪುರಗಳ ಸಾನ್ ಫ್ರಾನ್ಸಿಸ್ಕೊ ಚರ್ಚ್. 1978ರಲ್ಲಿ ಯುನೆಸ್ಕೊ ಮೊದಲ ಪಟ್ಟಿ ಮಾಡಿದಾಗಲೇ ಪೋಲೆಂಡಿನ ಕ್ರಾಕೊ ಜತೆ ಈ ಹಳೇ ಊರಿಗೂ ವಿಶ್ವ ಪರಂಪರೆಯ ಪಟ್ಟ ಸಿಕ್ಕಿತು. ಒಳಗೋಡೆಗೆಲ್ಲ ಚಿನ್ನದ ರೇಕು ಹೊದಿಸಿದ ಲಾ ಕೊಂಪಾನಿಯಾ ಚರ್ಚ್, ಅಧ್ಯಕ್ಷರ ಅರಮನೆ ಇರುವ ಪ್ಲಾಸಾ ಗ್ರಾಂಡೆ, ಎಲ್ಲ ಕೆಲವೇ ನಿಮಿಷದ ನಡಿಗೆ. ಬೆಳಗ್ಗೆ 9ಕ್ಕೆ ಬಂದು ಮಧ್ಯಾಹ್ನ 4ರ ಹೊತ್ತಿಗೆ ಮತ್ತೆ ಸ್ಟೇಷನ್ ಒಳಗೆ ಇಳಿದುಬಿಡಿ. ಯಾಕೆಂದರೆ ಅಂಗಡಿ ಮುಚ್ಚಿದ ಮೇಲೆ ಆ ಬೀದಿಗಳು ಬೇಗ ಖಾಲಿಯಾಗುತ್ತವೆ, ಮತ್ತು ಹಗಲಲ್ಲಿ ಚೆಂದ ಕಂಡ ಇಕ್ಕಟ್ಟು ಏರುಬೀದಿಯೇ ಆಗ ಬೇಡವಾಗುತ್ತದೆ. ಇಲ್ಲಿ ಒಂದು ಹಳೇ ಆಟ ಇದೆ, ತಿಳಿದಿರಲಿ: ನಿಮ್ಮ ಬಟ್ಟೆ ಮೇಲೆ ಏನೋ ದ್ರವ ಬೀಳುತ್ತದೆ, ಪಾಪದ ಮುಖದವರೊಬ್ಬರು ಒರೆಸಲು ಬರುತ್ತಾರೆ, ಅಷ್ಟರಲ್ಲಿ ಇನ್ನೊಬ್ಬರು ಬ್ಯಾಗ್ ಎತ್ತಿರುತ್ತಾರೆ. ಕೊಳೆ ಆದರೆ ಆಗಲಿ, ನಿಲ್ಲದೆ ನಡೆದು ಯಾವುದಾದರೂ ಅಂಗಡಿ ಹೊಕ್ಕುಬಿಡಿ. ಅಪರಿಚಿತರು ಕೊಟ್ಟ ಕುಡಿಯುವ ಪದಾರ್ಥವಂತೂ ಬೇಡವೇ ಬೇಡ, ಮತ್ತಿನ ಔಷಧಿ ಬೆರೆಸಿ ದೋಚುವುದು ಈ ಕಡೆ ಇದೆ.

ಇನ್ನು ದೂರು. ಮೆಟ್ರೊ ಒಳಗೆ ಭಯ ಇಲ್ಲ. ಮೇಲೆ ಬಂದ ಮೇಲಿನ ಅರ್ಧ ಕಿಲೋಮೀಟರ್ ಇದೆಯಲ್ಲ, ಅದಕ್ಕೆ ಮೆಟ್ರೊ ಹತ್ತಿರ ಉತ್ತರ ಇಲ್ಲ. ಎಲ್ ಪನೆಸಿಯೊ ಗುಡ್ಡದ ಮೇಲೆ ರೆಕ್ಕೆ ಇರುವ ಮೇರಿಯ ದೊಡ್ಡ ಅಲ್ಯುಮಿನಿಯಂ ಮೂರ್ತಿ ಇದೆ. ಹಳೇ ಊರಿಂದ ನೋಡಿದರೆ ಇಲ್ಲೇ ಪಕ್ಕದಲ್ಲಿ, ಮೆಟ್ಟಿಲು ಹತ್ತಿದರೆ ಆಯಿತು ಅನ್ನಿಸುತ್ತದೆ. ಹತ್ತಬೇಡಿ. ಆ ಮೆಟ್ಟಿಲ ದಾರಿಯಲ್ಲಿ ದರೋಡೆ ಆಗುತ್ತದೆ ಅನ್ನುವುದು ಊರಿಗೆಲ್ಲ ಗೊತ್ತು. ಟ್ಯಾಕ್ಸಿಯಲ್ಲಿ ಹೋಗಿ, ವಾಪಸ್ ಬರಲು ಅದೇ ಟ್ಯಾಕ್ಸಿಯನ್ನು ನಿಲ್ಲಿಸಿಕೊಳ್ಳಿ. ಪಿಚಿಂಚಾ ಇಳಿಜಾರಿನ ಟೆಲಿಫೆರಿಕೊ ಕೇಬಲ್ ಕಾರ್ ಸ್ಟೇಷನ್‌ಗೂ ಮೆಟ್ರೊ ಹೋಗುವುದಿಲ್ಲ. ಭೂಮಧ್ಯರೇಖೆಯ ಸ್ಮಾರಕ ಮಿತಾದ್ ದೆಲ್ ಮುಂಡೊ ಇನ್ನೂ ಉತ್ತರಕ್ಕಿದೆ, ಅಲ್ಲಿಗೂ ಇಲ್ಲ.

ಕೇಬಲ್ ಕಾರ್ ಅಂದಾಗ ನೆನಪಾಯಿತು. ಊರೇ 2,850 ಮೀಟರ್ ಎತ್ತರದಲ್ಲಿದೆ, ಕೇಬಲ್ ಕಾರ್ ಏರಿಸುವುದು ಹೆಚ್ಚುಕಮ್ಮಿ 4,000 ಮೀಟರ್‌ಗೆ. ಬಂದ ದಿನವೇ ಹತ್ತಿ ತಲೆನೋವು ತಂದುಕೊಳ್ಳಬೇಡಿ. ಮೊದಲ ದಿನ ನಿಧಾನ, ನೀರು ಜಾಸ್ತಿ, ಬಿಯರ್ ಬೇಡ. ಚಳಿ ಇದೆ ಅಂತ ಬಿಸಿಲನ್ನು ಲೆಕ್ಕಕ್ಕೆ ಇಡದಿದ್ದರೆ ಮೂಗಿನ ಚರ್ಮ ಸುಲಿಯುತ್ತದೆ.

ಎಲ್ಲಿ ಉಳಿದುಕೊಳ್ಳಬೇಕು ಅನ್ನುವುದನ್ನು ಮೆಟ್ರೊ ಮ್ಯಾಪ್ ನೋಡಿಯೇ ನಿರ್ಧರಿಸಿ. ನನ್ನ ಓಟು ಲಾ ಕರೊಲಿನಾ ಅಥವಾ ಇನ್ಯಾಕಿಟೊ ಸ್ಟೇಷನ್ ಸುತ್ತಮುತ್ತ. ದೊಡ್ಡ ಪಾರ್ಕ್, ಮಾಲ್‌ಗಳು, ಊಟಕ್ಕೆ ಬೇಕಾದಷ್ಟು ಜಾಗ, ಸಂಜೆಯೂ ಜನ ಇರುತ್ತಾರೆ. ರಾತ್ರಿ ಪಾರ್ಕ್ ಒಳಗೆ ಮಾತ್ರ ಕಾಲಿಡಬೇಡಿ. ಲಾ ಮರಿಸ್ಕಾಲ್ ಕಡೆ ರೂಮು ಅಗ್ಗ, ಬಾರ್‌ಗಳೂ ಅಲ್ಲೇ. ಆದರೆ ರಾತ್ರಿ ಎರಡು ಬ್ಲಾಕ್ ದೂರಕ್ಕೂ ಟ್ಯಾಕ್ಸಿ ಬೇಕಾಗುವ ಜಾಗದಲ್ಲಿ ಉಳಿದು ಉಳಿಸಿದ್ದೇನು?

ಟ್ಯಾಕ್ಸಿಯಲ್ಲೂ ಆರಿಸಿ ಹತ್ತಬೇಕು. ಹಳದಿ ಬಣ್ಣ, ನಂಬರ್ ಪ್ಲೇಟಿನಲ್ಲಿ ಕಿತ್ತಳೆ ಪಟ್ಟಿ, ಒಳಗೆ ಕ್ಯಾಮೆರಾ ಮತ್ತು ಪ್ಯಾನಿಕ್ ಬಟನ್, ಮೀಟರ್ ಓಡುತ್ತಿರಬೇಕು. ಕತ್ತಲಾದ ಮೇಲೆ ಬೀದಿಯಲ್ಲಿ ಕೈ ತೋರಿಸಿ ನಿಲ್ಲಿಸುವುದಕ್ಕಿಂತ ಆ್ಯಪ್‌ನಲ್ಲಿ ಬುಕ್ ಮಾಡುವುದು, ಇಲ್ಲವೇ ಹೋಟೆಲಿನವರಿಂದ ಕರೆಸುವುದು ವಾಸಿ. ಹತ್ತಿದವರನ್ನು ಒತ್ತೆಯಾಳಾಗಿಸಿ ಎಟಿಎಂಗೆ ಕರೆದೊಯ್ದು ದುಡ್ಡು ತೆಗೆಸುವ ಪ್ರಕರಣಗಳು ಇಲ್ಲಿ ನಡೆದಿವೆ, ಸುಮ್ನೆ ಹೆದರಿಸುತ್ತಿಲ್ಲ. ಎಟಿಎಂ ಬೇಕಾದರೆ ಹಗಲಲ್ಲಿ, ಮಾಲ್ ಒಳಗಿನದು.

ದೇಶದ ಸುದ್ದಿಯನ್ನೂ ಟಿಕೆಟ್ ಮಾಡುವ ಮೊದಲು ನೋಡಿ. 2024ರ ಜನವರಿಯಲ್ಲಿ ಗ್ಯಾಂಗ್‌ಗಳ ವಿರುದ್ಧ ಸರ್ಕಾರ 'ಆಂತರಿಕ ಸಶಸ್ತ್ರ ಸಂಘರ್ಷ' ಘೋಷಿಸಿತು. ಆಮೇಲೂ ತುರ್ತು ಪರಿಸ್ಥಿತಿ ಹೇರುವುದು, ಕೆಲವು ಕಡೆ ರಾತ್ರಿ ಕರ್ಫ್ಯೂ ಹಾಕುವುದು ನಡೆದಿದೆ. ಆ ಹಿಂಸೆ ಜಾಸ್ತಿ ಇರುವುದು ಗ್ವಾಯಾಕಿಲ್, ಎಸ್ಮೆರಾಲ್ಡಾಸ್‌ನಂಥ ಕರಾವಳಿಯಲ್ಲಿ. ಕ್ವಿಟೊದಲ್ಲಿ ಪ್ರವಾಸಿಗೆ ಎದುರಾಗುವುದು ಹೆಚ್ಚಾಗಿ ಕಳ್ಳತನ, ದರೋಡೆ. ಆದರೆ ಮುಷ್ಕರ ಶುರುವಾದರೆ, 2019 ಮತ್ತು 2022ರಲ್ಲಿ ಆದ ಹಾಗೆ, ಹೆದ್ದಾರಿಗಳು ಬಂದ್ ಆಗಿ ನೀವು ಊರೊಳಗೇ ಸಿಕ್ಕಿಕೊಳ್ಳುತ್ತೀರಿ. ಹಾಗಾಗಿ ವಾಪಸ್ ವಿಮಾನದ ಹಿಂದಿನ ದಿನ ದೂರದ ಊರಲ್ಲಿ ಇರಬೇಡಿ. ತುರ್ತು ನಂಬರ್ 911. ಪಾಸ್‌ಪೋರ್ಟ್ ರೂಮಲ್ಲಿ, ಅದರ ಜೆರಾಕ್ಸ್ ಜೇಬಲ್ಲಿ.

5ಕ್ಕೆ 4 ಸ್ಟಾರ್. ಕಳೆದ ಒಂದು ಸ್ಟಾರ್ ಏರ್‌ಪೋರ್ಟ್‌ಗೆ. 2013ರಲ್ಲಿ ಅದನ್ನು ಊರಾಚೆ ತಬಬೇಲಾಗೆ ಸಾಗಿಸಿದರು, ಮೆಟ್ರೊ ಆ ಕಡೆ ತಲೆಯೂ ಹಾಕಿಲ್ಲ. ಟ್ಯಾಕ್ಸಿಗೆ 25 ಡಾಲರ್ ಮೇಲೆಯೇ ಹಿಡಿಯಿರಿ, ಹೊತ್ತು ಮುಕ್ಕಾಲು ಗಂಟೆ, ಟ್ರಾಫಿಕ್ ಇದ್ದರೆ ಅದಕ್ಕೂ ಮೇಲೆ. ಆದಷ್ಟೂ ಹಗಲಲ್ಲಿ ಬಂದಿಳಿಯುವ ವಿಮಾನವನ್ನೇ ಹುಡುಕಿ. ನಡುರಾತ್ರಿಯದೇ ಸಿಕ್ಕಿದರೆ ಊರಿಗೆ ಬರುವ ಗೋಜು ಬಿಟ್ಟು ಏರ್‌ಪೋರ್ಟ್ ಹತ್ತಿರದ ಹೋಟೆಲಲ್ಲೇ ಮಲಗಿ, ಬೆಳಗ್ಗೆ ಟ್ಯಾಕ್ಸಿ ಹಿಡಿಯಿರಿ.