ಪಿಯುಸಿಗೆ ಮೈಸೂರಿನ ಹಾಸ್ಟೆಲ್ಲೋ, ಕೊಡಗಿನ ಮನೆಯೋ?

ಎಸ್ಸೆಸ್ಸೆಲ್ಸಿ ಮುಗಿದ ಮನೆಗಳಲ್ಲಿ ಈಗ ಇದೇ ಮಾತು. ರಿಸಲ್ಟು, ಫೀಸು ಎಲ್ಲರೂ ನೋಡುತ್ತಾರೆ. ಮಕ್ಕಳು ದಿನವಿಡೀ ಯಾರ ಜೊತೆ ಇರುತ್ತಾರೆ ಅನ್ನೋದನ್ನೂ ನೋಡಬೇಕಲ್ವಾ?

ಗೆಳೆಯರ ವಿಷಯದಲ್ಲಿ ಹಾಸ್ಟೆಲ್ಲೇ ಮೇಲು. ಅಮೆರಿಕದ ಶಿಕಾಗೋ ಸುತ್ತಮುತ್ತ ಸಂಶೋಧಕರು ಹೈಸ್ಕೂಲ್ ಮಕ್ಕಳಿಗೆ ಪೇಜರ್ ಕೊಟ್ಟಿದ್ದರು. ಅದು ಬೀಪ್ ಅಂದಾಗಲೆಲ್ಲ ಯಾರ ಜೊತೆ ಇದ್ದೀರಿ, ಮನಸ್ಸು ಹೇಗಿದೆ ಎಂದು ಬರೆಯಬೇಕು. 1984ರಲ್ಲಿ ಪುಸ್ತಕವಾಗಿ ಬಂದ ಈ ಕೆಲಸದಲ್ಲಿ ಕಂಡದ್ದು: ಗೆಳೆಯರ ಜೊತೆ ಖುಷಿ ಜಾಸ್ತಿ, ಒಬ್ಬರೇ ಇದ್ದಾಗ ಕಡಿಮೆ. ಆದರೆ ಒಂದಿಷ್ಟು ಹೊತ್ತು ಒಬ್ಬರೇ ಇದ್ದು ಬಂದ ಮೇಲೆ ಮನಸ್ಸು ಹಗುರವಾಗುತ್ತಿತ್ತು. ನಾಲ್ಕು ಮಂಚದ ರೂಮಿನಲ್ಲಿ ಆ ಹೊತ್ತು ಸಿಗುವುದು ಕಷ್ಟ. ಬಚ್ಚಲಿನಲ್ಲೂ ಹೊರಗಿಂದ ಯಾರೋ ಬಾಗಿಲು ಬಡಿಯುತ್ತಾರೆ!

ಮನೆಯಲ್ಲಿ ಇದಕ್ಕೆ ಉಲ್ಟಾ. ತೋಟದೊಳಗಿನ ಮನೆ, ಕಕ್ಕಡದ (ಜುಲೈ-ಆಗಸ್ಟ್ ಹೊತ್ತಿನ ಕೊಡವ ತಿಂಗಳು) ಮಳೆ, ಕರೆಂಟಿಲ್ಲ, ನೆಟ್‌ವರ್ಕಿಲ್ಲ. ಸಂಜೆ ಬಸ್ಸು ತಪ್ಪುತ್ತದೆಂದು ಕ್ಲಾಸ್ ಮುಗಿದ ಮೇಲೆ ಆಟಕ್ಕೂ ನಿಲ್ಲುವ ಹಾಗಿಲ್ಲ. ಆದರೂ ಬೇರೆಲ್ಲೂ ಸಿಗದ್ದು ಒಂದಿದೆ: ಎಲ್ಲ ವಯಸ್ಸಿನವರ ಒಡನಾಟ. 1997ರಲ್ಲಿ ಕೊಡಗಿನ ಕರಡ ಊರಿನಲ್ಲಿ ಶುರುವಾದ, ಮನೆತನಕ್ಕೊಂದು ತಂಡವಾಗಿ ಆಡುವ ಕೊಡವ ಕೌಟುಂಬಿಕ ಹಾಕಿಯನ್ನೇ ನೋಡಿ. ಹದಿನಾರರ ಹುಡುಗ ಚಿಕ್ಕಪ್ಪನಿಗೆ ಪಾಸ್ ಕೊಡುತ್ತಾನೆ, ಬೈಸಿಕೊಳ್ಳುತ್ತಾನೆ, ಆಮೇಲೆ ಜೊತೆಗೇ ಊಟ.

ನನ್ನನ್ನು ಕೇಳಿದರೆ, ಮಡಿಕೇರಿಯೋ ವಿರಾಜಪೇಟೆಯೋ ಹತ್ತಿರವಿದ್ದರೆ ಮನೆಯೇ ಸಾಕು. ಅಕ್ಕಪಕ್ಕ ಯಾರೂ ಇಲ್ಲದ ಒಂಟಿ ಮನೆಯಾದರೆ ಹಾಸ್ಟೆಲ್. ಸೇರಿಸುವ ಮುಂಚೆ ಸಂಜೆ ಆಟಕ್ಕೆ ಬಿಡುತ್ತಾರಾ, ವಾರಕ್ಕೆ ಎಷ್ಟು ಸಲ ಫೋನ್ ಕೊಡುತ್ತಾರೆ ಎಂದು ವಾರ್ಡನ್‌ರನ್ನು ಕೇಳಿ. ಎಲ್ಲಿದ್ದರೂ ಮಗು ವಾರಗಟ್ಟಲೆ ಮಂಕಾಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು, ದುಡ್ಡಿಲ್ಲ.