ಹಸಿ ಅಡಿಕೆ ಕೊಡುವವರೇ, ‘ಮಾರುಕಟ್ಟೆ ದರ’ ಅಂದರೆ ಯಾವ ದರ ಅಂತ ಮೊದಲು ಬರೆಸಿಕೊಳ್ಳಿ

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ಫಸಲನ್ನು ಹಸಿಯಾಗಿಯೇ ವ್ಯಾಪಾರಿಗೆ ಕೊಡುವವರು ದಯವಿಟ್ಟು ಪೂರ್ತಿ ಓದಿ. ನಮ್ಮ ಲೆಕ್ಕದಲ್ಲಿ ಆದದ್ದಕ್ಕೆ ನಾನು ಮೋಸ ಅಂತಲೇ ಹೇಳುತ್ತೇನೆ. ಸುಳ್ಳು ಸಹಿ ಇಲ್ಲ, ತೂಕದಲ್ಲಿ ಕಳ್ಳತನ ಇಲ್ಲ. ಛಾಪಾಕಾಗದದ ಮೇಲೆ ಒಂದೂವರೆ ಪುಟ ಕರಾರು, ನೋಟರಿ ಸೀಲು, ಸಾಕ್ಷಿಗಳ ಸಹಿ, ಎಲ್ಲ ಇತ್ತು. ಹಣ ಹೋದದ್ದು ಮೂರು ಸಡಿಲ ವಾಕ್ಯಗಳಲ್ಲಿ.

ಮೊದಲನೆಯದು ಇದು, ಕರಾರಿನಲ್ಲಿ ಇದ್ದ ಹಾಗೇ ಬರೆಯುತ್ತೇನೆ: ‘ಕೊಯ್ಲಿನ ವೇಳೆಯ ಮಾರುಕಟ್ಟೆ ದರದಂತೆ ಒಣ ಅಡಿಕೆಯ ಲೆಕ್ಕದಲ್ಲಿ ಹಣ ಪಾವತಿಸತಕ್ಕದ್ದು.’ ಓದಿದರೆ ಏನೂ ತಪ್ಪಿಲ್ಲ ಅನ್ನಿಸುತ್ತದೆ ಅಲ್ಲವಾ? ನಮ್ಮ ಕಡೆ ಯಾರನ್ನು ಕೇಳಿದರೂ ಅರ್ಥ ಒಂದೇ. ಹಸಿರು ಕಾಯಿ ಕೊಯ್ದರೆ ರಾಶಿಯ (ಸುಲಿದು ಬೇಯಿಸಿ ಒಣಗಿಸಿದ ಅಡಿಕೆಯ) ದರ, ಶಿರಸಿ ಪೇಟೆಯ ದರ, ತೂಕದ ದಿನದ ಸರಾಸರಿ. ಮಾತು ಆಗಿದ್ದೂ ಹಾಗೆಯೇ, ಸಾಕ್ಷಿಗಳ ಎದುರಿಗೇ. ಆದರೆ ಕಾಗದದಲ್ಲಿ ಶಿರಸಿ ಇಲ್ಲ, ರಾಶಿ ಇಲ್ಲ, ಸರಾಸರಿ ಇಲ್ಲ, ದಿನವೂ ಇಲ್ಲ.

ಲೆಕ್ಕ ಮುಗಿಸುವ ದಿನ ವ್ಯಾಪಾರಿ ಚೀಟಿ ಮುಂದಿಟ್ಟರು. ದರ ಕನಿಷ್ಠದ್ದು. ಅದೂ ಬೇರೆ ಪೇಟೆಯದು. ಕೊಯ್ಲು ಎರಡು ಸಲ ಆಗಿತ್ತು, ದರ ಕೆಳಗಿದ್ದ ದಿನವನ್ನೇ ಎರಡಕ್ಕೂ ಹಿಡಿದಿದ್ದರು. ‘ಇದು ಯಾವ ದರ?’ ಅಂತ ಕೇಳಿದ್ದಕ್ಕೆ ಬಂದ ಉತ್ತರ: ‘ಮಾರುಕಟ್ಟೆ ದರ ಮಾರಾಯ್ರೇ. ಅದೂ ಮಾರುಕಟ್ಟೆಯೇ ಅಲ್ವಾ? ಕನಿಷ್ಠವೂ ದರವೇ ಅಲ್ವಾ? ಕಾಗದದಲ್ಲಿ ಸರಾಸರಿ ಅಂತ ಎಲ್ಲಿದೆ, ನೀವೇ ತೋರಿಸಿ.’ ಸಾಕ್ಷಿ ಹಾಕಿದವರೂ ಅಲ್ಲೇ ಕೂತಿದ್ದರು. ಕಾಗದ ಕೈಯಿಂದ ಕೈಗೆ ಹೋಯಿತು, ಎಲ್ಲರೂ ಓದಿದರು, ಯಾರಿಗೂ ತೋರಿಸಲು ಆಗಲಿಲ್ಲ. ಆ ಹೊತ್ತಿನ ಅವಮಾನ ಹಣಕ್ಕಿಂತ ಹೆಚ್ಚು ಉರಿಯುತ್ತದೆ. ‘ತೋರಿಸಿ’ ಅಂದಾಗ ಅವರ ದನಿಯಲ್ಲಿ ಒಂದಿಷ್ಟೂ ಅಳುಕಿರಲಿಲ್ಲ.

ಎರಡನೆಯದು ಇಳುವರಿ. ‘ಒಣ ಅಡಿಕೆಯ ಲೆಕ್ಕ’ ಅಂತ ಬರೆದು, ಒಂದು ಕ್ವಿಂಟಲ್ ಹಸಿಗೆ ಎಷ್ಟು ಕೆ.ಜಿ. ಅಂತ ಬರೆಯದೇ ಬಿಟ್ಟಿದ್ದಾರೆ. 12, 12.5, 13 ಅಂತ ಬಾಯಲ್ಲಿ ಮಾತಾಡುವುದು ಎಲ್ಲರಿಗೂ ಗೊತ್ತು. ಎಳೆಯ ಕಾಯಿಯಲ್ಲಿ ನೀರು ಜಾಸ್ತಿ, ಇಳುವರಿ ಕಡಿಮೆ, ಬಲಿತಂತೆ ಏರುತ್ತದೆ. ಹಾಗಾಗಿ ಬೇಯಿಸಿ ಒಣಗಿಸಿದ ಮೇಲೆ ‘ನಿಮ್ಮ ಕಾಯಿ 11ರ ಮೇಲೆ ಬರ್ಲಿಲ್ಲ’ ಅಂದರೆ ಅಲ್ಲ ಅನ್ನಲು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ, ಅಡಿಕೆ ಅವರ ಅಂಗಳದಲ್ಲಿದೆ. ಉದಾಹರಣೆಗೆ 40 ಕ್ವಿಂಟಲ್ ಹಸಿ ಹಿಡಿಯಿರಿ. 12.5ರಂತೆ 5 ಕ್ವಿಂಟಲ್ ಒಣ, 11ರಂತೆ 4 ಕ್ವಿಂಟಲ್ 40 ಕೆ.ಜಿ. ಒಂದು ಅಂಕಿ ಬರೆಯದೇ ಇದ್ದದ್ದಕ್ಕೆ 60 ಕೆ.ಜಿ. ಅಡಿಕೆ ಹೋಯಿತು. ಅದರ ಮೇಲೆ ಸರಾಸರಿಗೂ ಕನಿಷ್ಠಕ್ಕೂ ಕ್ವಿಂಟಲ್‌ಗೆ 4,000 ರೂಪಾಯಿ ಅಂತರ ಇದ್ದರೆ, ಉಳಿದದ್ದರಲ್ಲೂ 17,600 ರೂಪಾಯಿ ಕಡಿತ.

ತೂಕದ ಮಾತೂ ಹಾಗೇ. ಕೊನೆ (ಅಡಿಕೆಯ ಗೊಂಚಲು) ಸಮೇತವೋ ಬಿಡಿಸಿದ ಕಾಯಿಯೋ, ಚೀಲದ ತೂಕ ಎಷ್ಟು ಕಳೆಯುವುದು, ಇದ್ಯಾವುದೂ ಇಲ್ಲ. ಬದಲಿಗೆ ‘ಉದುರು, ಕೊಳೆ ಇತ್ಯಾದಿ ಕಳೆದು’ ಅಂತ ಇದೆ. ಆ ‘ಇತ್ಯಾದಿ’ಯೊಳಗೆ ಸಣ್ಣ ಕಾಯಿ, ಹಣ್ಣಾದ ಕಾಯಿ, ಮಳೆಯಲ್ಲಿ ಒದ್ದೆಯಾದ ಚೀಲ, ಬೇಕಾದ್ದನ್ನೆಲ್ಲ ತುಂಬಬಹುದು. ತುಂಬಿದರು.

ಮೂರನೆಯದು ನೋಡಿ, ಇದು ಇನ್ನೂ ಸಿಟ್ಟು ಬರಿಸುವಂಥದ್ದು. ಬರೆಸಿಕೊಟ್ಟವರು, ಬರೆಸಿಕೊಂಡವರು ಅಂತ ಇಬ್ಬರ ಹೆಸರೂ ಒಂದೇ ವಾಕ್ಯದಲ್ಲಿ ಬಂದ ಮೇಲೆ ‘ಸದರಿಯವರು ಕೊಯ್ಲು ಹಾಗೂ ಹೊರಿಸುವ ಖರ್ಚನ್ನು ಭರಿಸತಕ್ಕದ್ದು.’ ಯಾವ ಸದರಿಯವರು? ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡರ ಕೂಲಿ ಕೊಟ್ಟವರು ವ್ಯಾಪಾರಿಯೇ, ಕೊಡುವಾಗ ಒಂದು ಮಾತೂ ಇಲ್ಲ. ಲೆಕ್ಕದ ಚೀಟಿಯಲ್ಲಿ ಅಷ್ಟೂ ನಮ್ಮ ಬಾಬ್ತಿನಿಂದ ಕಳೆದಿದ್ದಾರೆ. ಕೇಳಿದರೆ ‘ಸದರಿಯವರು ಅಂದ್ರೆ ನೀವೇ. ನಾವು ಬರೀ ತುರ್ತಿಗೆ ಕೊಟ್ಟಿದ್ದು.’ ಹಣ ಯಾವಾಗ ಕೊಡುವುದು ಅಂತಲೂ ‘ಆದಷ್ಟು ಬೇಗ’ ಅಂತಷ್ಟೇ ಇದೆ. ಫೋನ್ ಮಾಡಿದಾಗಲೆಲ್ಲ ಬರುವ ಉತ್ತರವೂ ಅದೇ, ಆದಷ್ಟು ಬೇಗ.

‘ಬಾಯಿಮಾತಿಗೆ ಸಾಕ್ಷಿ ಇದ್ದಾರಲ್ಲ’ ಅನ್ನುವವರಿಗೆ: ಷರತ್ತುಗಳನ್ನು ಕಾಗದಕ್ಕೆ ಇಳಿಸಿದ ಮೇಲೆ ಅದಕ್ಕೆ ವಿರುದ್ಧವಾದ ಅಥವಾ ಹೆಚ್ಚುವರಿ ಬಾಯಿಮಾತನ್ನು ಕೋರ್ಟು ಸಾಮಾನ್ಯವಾಗಿ ಒಪ್ಪುವುದಿಲ್ಲ. ಹಿಂದೆ 1872ರ ಸಾಕ್ಷ್ಯ ಕಾಯ್ದೆಯ 92ನೇ ಕಲಮಿನಲ್ಲಿ ಇದ್ದದ್ದು, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 95ನೇ ಕಲಮು. ವ್ಯಾಪಾರದ ರೂಢಿಯನ್ನು ಸಾಬೀತು ಮಾಡಲು ಅದರಲ್ಲೇ ದಾರಿ ಇದೆ, ನಿಜ. ಆದರೆ ಆ ದಾರಿ ಸಾಕ್ಷಿ ಕರೆಸಿ, ವಾಯಿದೆ ಮೇಲೆ ವಾಯಿದೆ ಕಂಡು ಹೋಗುವಂಥದ್ದು. ಕರಾರು ಕಾಯ್ದೆಯ 29ನೇ ಕಲಮು ಇನ್ನೂ ನೇರ: ಅರ್ಥ ನಿಶ್ಚಿತವಿಲ್ಲದ, ನಿಶ್ಚಿತ ಮಾಡಲೂ ಆಗದ ಕರಾರು ಅನೂರ್ಜಿತ. ಅಲ್ಲೇ ಉದಾಹರಣೆ ಇದೆ. ನೂರು ಟನ್ ‘ಎಣ್ಣೆ’ ಮಾರುತ್ತೇನೆ ಅಂತ ಬರೆದು ಯಾವ ಎಣ್ಣೆ ಅಂತ ಎಲ್ಲೂ ತಿಳಿಯದಿದ್ದರೆ ಕರಾರು ನಿಲ್ಲುವುದಿಲ್ಲ. ಮಾರುವವನು ತೆಂಗಿನೆಣ್ಣೆಯ ವ್ಯಾಪಾರ ಮಾತ್ರ ಮಾಡುವವನಾದರೆ ನಿಲ್ಲುತ್ತದೆ. ನಮ್ಮ ವ್ಯಾಪಾರಿ ರಾಶಿ, ಚಾಲಿ, ಗೋಟು ಅಂತ ಅಡಿಕೆಯ ಬೇರೆ ಬೇರೆ ಬಗೆ ಎಲ್ಲವನ್ನೂ ಕೊಳ್ಳುವವರು. ಛಾಪಾಕಾಗದದಿಂದ, ಸೀಲಿನಿಂದ ಈ ಸಂದೇಹ ತೀರುವುದಿಲ್ಲ.

ಹೀಗೆ ಬರೆಸಿ, ಇದಕ್ಕಿಂತ ಉದ್ದ ಬೇಡ: ‘ತೂಕ ಮಾಡಿದ ದಿನ ಶಿರಸಿ ಎಪಿಎಂಸಿ ಪ್ರಾಂಗಣದಲ್ಲಿ ರಾಶಿ ಅಡಿಕೆಗೆ ಪ್ರಕಟವಾದ ಸರಾಸರಿ ದರ. ಆ ದಿನ ವಹಿವಾಟು ಇಲ್ಲದಿದ್ದರೆ ಅದರ ಹಿಂದಿನ ವಹಿವಾಟಿನ ದಿನದ ಸರಾಸರಿ. ಕೊನೆಯಿಂದ ಬಿಡಿಸಿದ ಹಸಿ ಕಾಯಿ 100 ಕೆ.ಜಿ.ಗೆ ಒಣ ಅಡಿಕೆ 12.5 ಕೆ.ಜಿ. ಎಂದು ಹಿಡಿಯುವುದು. ಕೊಯ್ಲಿನ ಕೂಲಿ ಮತ್ತು ಸಾಗಾಟ ಖರೀದಿದಾರನದು. ಪ್ರತಿ ತೂಕದ ಹಣ 15 ದಿನದೊಳಗೆ.’ ಅಂಕಿಗಳು ನಿಮ್ಮ ಮಾತಿನಂತೆ ಬದಲಾಗಲಿ, ಆದರೆ ಅಂಕಿ ಇರಲಿ. ಇಳುವರಿಯ ತಂಟೆಯೇ ಬೇಡ ಅಂದರೆ ಹಸಿ ಕ್ವಿಂಟಲ್‌ಗೆ ಇಂತಿಷ್ಟು ರೂಪಾಯಿ ಅಂತ ಗಟ್ಟಿ ದರ ಬರೆಸಿ, ಅದೇ ಎಲ್ಲಕ್ಕಿಂತ ಸ್ವಚ್ಛ. ‘ಸದರಿ’ ಬಂದಲ್ಲೆಲ್ಲ ಹೊಡೆದುಹಾಕಿ ತೋಟದ ಮಾಲೀಕ, ಖರೀದಿದಾರ ಅಂತ ಬರೆಸಿ. ‘ಇತ್ಯಾದಿ’, ‘ಆದಷ್ಟು ಬೇಗ’, ‘ರೂಢಿಯಂತೆ’ ಇದ್ದರೆ ಸಹಿ ಹಾಕಬೇಡಿ.

‘ಅಷ್ಟೆಲ್ಲ ಬರೆಯೋದು ಎಂತಕ್ಕೆ, ನಮ್ಮ ಮೇಲೆ ನಂಬಿಕೆ ಇಲ್ವಾ?’ ಅಂತ ಅವರು ಕೇಳುತ್ತಾರೆ. ಇಲ್ಲೂ ಕೇಳಿದ್ದರು, ಬರೆಯುವ ದಿನ, ನಗುತ್ತಲೇ. ಹಾಗೆ ಕೇಳಿದವರಿಗೆ ಕೊನೆ ಮುಟ್ಟಲು ಬಿಡಬೇಡಿ. ಪ್ರತಿ ಪುಟಕ್ಕೂ ಇಬ್ಬರ ಸಹಿ ಹಾಕಿಸಿ, ಪ್ರತಿ ಸಲದ ತೂಕದ ಚೀಟಿಗೆ ಅಂದೇ ಅವರ ಸಹಿ ತೆಗೆದುಕೊಳ್ಳಿ, ಆ ದಿನದ ದರಪಟ್ಟಿಯ ಫೋಟೋ ತೆಗೆದಿಡಿ.