ಕರೆದವರು ಯಾರು: ಸೆಷನ್, ಟೋಕನ್, ಸರ್ಟಿಫಿಕೇಟ್

ಬ್ಯಾಡಗಿ ಮೆಣಸಿನಕಾಯಿ ದಲಾಲರಿಗಾಗಿ ವೆಬ್ ಸರ್ವಿಸ್ ಬರೆಯುತ್ತಿರುವ ಹುಬ್ಬಳ್ಳಿಯ ಗೆಳೆಯರೊಬ್ಬರ ಪ್ರಶ್ನೆ: ಸರ್ವರಿಗೆ ಕರೆ (ರಿಕ್ವೆಸ್ಟ್) ಮಾಡಿದ ಬಳಕೆದಾರ ಯಾರೆಂದು ಸರ್ವರ್ ಹೇಗೆ ಅರಿಯಬೇಕು? ದಾರಿ ಮೂರು: ಸೆಷನ್ (ಲಾಗಿನ್ ಆದವರ ದಾಖಲೆ ಸರ್ವರಿನಲ್ಲೇ ಇರುತ್ತದೆ), ಟೋಕನ್ (ಡಿಜಿಟಲ್ ಸಹಿ ಹಾಕಿ ಬಳಕೆದಾರರಿಗೆ ಕೊಡುವ ಗುರುತಿನ ಚೀಟಿ), ಕ್ಲೈಂಟ್ ಸರ್ಟಿಫಿಕೇಟ್ (ಕರೆ ಮಾಡುವ ಸಾಧನದಲ್ಲಿ ಇಡುವ ಡಿಜಿಟಲ್ ಗುರುತುಪತ್ರ).

ಯಾವುದನ್ನೇ ಆರಿಸಿರಿ, ಯೂಸರ್ ಐಡಿಯನ್ನು ಕರೆಯ ಜೊತೆ ಬರುವ ಪ್ಯಾರಾಮೀಟರ್‌ನಿಂದ ಮಾತ್ರ ನಂಬಬೇಡ್ರಿ. ಅದನ್ನು ಯಾರು ಬೇಕಾದರೂ ತಿದ್ದಬಹುದು. ಒಬ್ಬ ದಲಾಲರ ಲೆಕ್ಕ ಇನ್ನೊಬ್ಬರಿಗೆ ತೆರೆದುಕೊಳ್ಳುತ್ತದೆ. ಪರಿಶೀಲನೆಯಾದ ಗುರುತಿನಿಂದಲೇ ತೆಗೆದುಕೊಳ್ಳಿ.

ನನಗೆ ಮುಖ್ಯವೆನಿಸುವುದು ರದ್ದತಿ. ಫೋನ್ ಕಳೆದರೆ ಸೆಷನ್ ದಾಖಲೆ ಅಳಿಸಿದರಾಯಿತು, ಅಲ್ಲಿಗೆ ಪ್ರವೇಶ ಬಂದ್. ಜೆಡಬ್ಲ್ಯೂಟಿ (ಜೇಸನ್ ವೆಬ್ ಟೋಕನ್) ಬಗೆಯ ಟೋಕನ್ ಹಾಗಲ್ಲ: ಸರ್ವರ್ ಸಹಿಯನ್ನಷ್ಟೇ ನೋಡುವುದರಿಂದ ಅವಧಿ ಮುಗಿಯುವವರೆಗೂ ಅದು ಚಾಲ್ತಿ. ಅವಧಿಯನ್ನು 10-15 ನಿಮಿಷಕ್ಕೆ ಇಳಿಸಬೇಕು, ಇಲ್ಲವೇ ರದ್ದಾದವುಗಳ ಪಟ್ಟಿ ಇಡಬೇಕು. ಪಟ್ಟಿ ಇಟ್ಟರೆ ಪ್ರತಿ ಕರೆಗೂ ಅದನ್ನು ನೋಡಬೇಕು, ಟೋಕನ್ನಿನ ಅರ್ಧ ಲಾಭವೇ ಹೋಯಿತು.

ಹೊರೆಯ ವಿಷಯದಲ್ಲಿ ಟೋಕನ್ ಹಗುರ. ಪ್ರತಿ ಕರೆಗೂ ಡೇಟಾಬೇಸ್ ಕೇಳಬೇಕಿಲ್ಲ. ಒಂದೇ ಸರ್ವರ್ ಇದ್ದಾಗ ಈ ಉಳಿತಾಯ ಲೆಕ್ಕಕ್ಕಿಲ್ಲ.

ಕ್ಲೈಂಟ್ ಸರ್ಟಿಫಿಕೇಟ್ ಗಟ್ಟಿ, ಆದರೆ ಹಂಚುವುದು, ನವೀಕರಿಸುವುದು ದುಡಿತ. ಕಂಪ್ಯೂಟರಿಗೊಂದು ಕೊಟ್ಟರೆ ಅದು ಕಂಪ್ಯೂಟರನ್ನಷ್ಟೇ ಗುರುತಿಸುತ್ತದೆ. ಅದರ ಮುಂದೆ ಕೂತ ಮೂವರು ಗುಮಾಸ್ತರಲ್ಲಿ ಯಾರು ಎಂಬುದನ್ನಲ್ಲ.

ಬ್ರೌಸರ್, ಒಂದೇ ಸರ್ವರ್ ಇದ್ದರೆ ಸೆಷನ್. ಮೊಬೈಲ್ ಆ್ಯಪ್ ಜೊತೆ ಹಲವು ಸರ್ವಿಸ್‌ಗಳಿದ್ದರೆ ಟೋಕನ್. ತೂಕದ ಯಂತ್ರವೇ ನೇರ ಸರ್ವರಿಗೆ ಮಾಹಿತಿ ಕಳಿಸುವುದಾದರೆ ಸರ್ಟಿಫಿಕೇಟ್.